ಕಬ್ಬು ಸುಲಿಯುವ ಹಲ್ಲು

ಆ ದವಡೆಯನ್ನು ಮೊದಲ ಸಲ ತಪ್ಪಾಗಿ ಕೂರಿಸಿದವನು ನಾನೇ. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಮಂಡ್ಯದ ಪೇಟೆಯಲ್ಲಿ ಇವತ್ತಿಗೂ ಕೆಲವರು ತಪ್ಪು ಡಾಕ್ಟರದ್ದು ಅನ್ನುತ್ತಾರೆ. ಅಷ್ಟು ಬಾಯಿ ಮಾಡುವ ಹೆಂಗಸು ಸುಮ್ಮನೆ ಮಲಗಿರಲಾರದೆ ತಾನೇ ಕೆಡಿಸಿಕೊಂಡಳು ಅನ್ನುವವರೂ ಇದ್ದಾರೆ. ಎರಡೂ ಸುಳ್ಳು. ತಪ್ಪು ಮಾಡಿದವನು ನಾನೊಬ್ಬ, ಅದನ್ನು ತಿದ್ದಿದವರು ಮೂವರು: ನಾನು, ಡಾಕ್ಟರು ಮತ್ತು ಆ ಹೆಂಗಸು. ನನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ, ನನ್ನ ಪಾಲಿನ ಕೆಲಸವನ್ನು ಬಿಟ್ಟುಕೊಡುವುದಕ್ಕೂ ಮನಸ್ಸಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ, ಕಬ್ಬು ಅರೆಯುವ ಸುಗ್ಗಿ. ಪೇಟೆಯಲ್ಲಿ ನನ್ನದೊಂದು ಹಲ್ಲು ಕಟ್ಟುವ ಅಂಗಡಿಯಿತ್ತು. ಒಂದು ಮಧ್ಯಾಹ್ನ ಊರಾಚೆಯ ಧರ್ಮಾಸ್ಪತ್ರೆಯ ಜವಾನ ಸೈಕಲ್ಲಿನಲ್ಲಿ ಬಂದು, "ಸಾಬ್ರೇ, ಡಾಕ್ಟ್ರು ಕರೀತಾವ್ರೆ. ಬಾಯ್ ಅಚ್ಚು ತಗ್ಯೋ ಸಾಮಾನೆಲ್ಲ ತರ್ಬೇಕಂತೆ. ಒಬ್ಬ ಎಂಗಸಿನ ಮಕ ಚಚ್ಚೋಗದೆ" ಅಂದ. ನಾನು ಅರಗು, ಮೇಣ, ಪ್ಲಾಸ್ಟರು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅವನ ಹಿಂದೆಯೇ ಹೊರಟೆ.

ಡಾಕ್ಟರು ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಆಗಷ್ಟೇ ಇಲ್ಲಿಗೆ ಬಂದಿದ್ದವರು. ಶಸ್ತ್ರಚಿಕಿತ್ಸೆಯಲ್ಲಿ ಒಳ್ಳೆಯ ಕೈ, ಮಾತಿನಲ್ಲಿ ಬಲು ಒರಟು. ನನ್ನನ್ನು ಆಪರೇಷನ್ ಕೋಣೆಯ ಬಾಗಿಲಲ್ಲೇ ತಡೆದು ಕೇಳಿದರು.

"ನಿಮಗೆ ಡಿಗ್ರಿ ಏನಿದೆ?"

"ಡಿಗ್ರಿ ಇಲ್ಲ ಸಾರ್. ಬೆಂಗಳೂರು ದಂಡಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಎಂಟು ವರ್ಷ ಕೆಲಸ ಕಲಿತಿದ್ದೀನಿ."

"ಹಾಗಾದ್ರೆ ಹೊರಗೆ ನಿಂತಿರಿ. ಅಚ್ಚು ಬೇಕಾದಾಗ ಹೇಳ್ತೀನಿ."

"ಹೊರಗೆ ನಿಂತು ಒಳಗಿರೋ ಬಾಯಿಯ ಅಚ್ಚು ತೆಗೆಯೋದು ನನಗೆ ಬರಲ್ಲ ಸಾರ್. ನಿಮಗೆ ಬರೋದಾದ್ರೆ ಅರಗು ಇಟ್ಟು ಹೋಗ್ತೀನಿ, ನೀವೇ ತೆಗೀರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರನ್ನೂ ಜಾಲಾಡಿದರೂ ಇನ್ನೊಬ್ಬ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮಳವಳ್ಳಿಯಲ್ಲಿದ್ದವನು ಇಕ್ಕಳ ಹಿಡಿದು ಹಲ್ಲು ಕೀಳುವವನಷ್ಟೆ. "ಕೈ ತೊಳ್ಕೊಳ್ಳಿ. ಮೊಣಕೈವರೆಗೆ" ಅಂದು ಡಾಕ್ಟರು ಒಳಗೆ ಹೋದರು.

ಕೊತ್ತತ್ತಿಯ ಕಡೆಯ ಒಂದು ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹೆಂಗಸು ಆಕೆ. ನಲವತ್ತರ ಆಸುಪಾಸು, ಗಂಡನಿಲ್ಲ. ಎತ್ತು ಸುತ್ತುವ ಕಬ್ಬಿಣದ ಗಾಣವದು. ಕಬ್ಬು ಕೊಡುವವರು ಗಾಣದ ಬುಡದಲ್ಲಿ ಕೂರುತ್ತಾರೆ, ಎತ್ತು ಎಳೆಯುವ ಉದ್ದನೆಯ ತೊಲೆ ಅವರ ತಲೆಯ ಮೇಲೆ ಸುತ್ತುತ್ತಿರುತ್ತದೆ. ಆ ತೊಲೆ ಬುಡದಲ್ಲಿ ಸೀಳಿ, ಜಾರಿ, ಆಕೆಯ ಮುಖದ ಎಡಭಾಗಕ್ಕೆ ಬಡಿದಿತ್ತು. ಕೆನ್ನೆ ತುಟಿಯ ಮೂಲೆಯಿಂದ ಕಿವಿಯ ಹತ್ತಿರದವರೆಗೆ ಹರಿದಿತ್ತು. ಕೆಳದವಡೆ ಎರಡು ಕಡೆ ಮುರಿದಿತ್ತು: ಎಡಗಡೆ ಕೋರೆಹಲ್ಲಿನ ಮುಂದೆ, ಬಲಗಡೆ ಕೊನೆಯ ಹಲ್ಲಿನ ಹಿಂದೆ. ಮುಂದಿನ ಮೂರು ಹಲ್ಲು ಹೋಗಿದ್ದವು. ಎಡಗಡೆಯ ತುಂಡು ಐದು ಹಲ್ಲುಗಳ ಸಮೇತ ನಾಲಿಗೆಯ ಕಡೆಗೆ ವಾಲಿತ್ತು.

ಅಲ್ಲಿಯೇ ನಮ್ಮ ಮೊದಲ ಜಗಳ. ಡಾಕ್ಟರು ಕೆನ್ನೆಯನ್ನು ಆಗಲೇ ಪೂರ್ತಿ ಹೊಲಿದು ಮುಗಿಸಲು ಸೂಜಿ ಎತ್ತಿಕೊಂಡಿದ್ದರು. ನಾನು ಬೇಡ ಅಂದೆ. ಒಳಗೆ ಮೂಳೆ ನಿಲ್ಲದೆ ಮೇಲೆ ಚರ್ಮ ಬಿಗಿದರೆ ಕೆನ್ನೆ ಒಳಕ್ಕೆ ಕುಸಿದು ಹಾಗೆಯೇ ಗಟ್ಟಿಯಾಗುತ್ತದೆ. ಗೋಡೆ ಎಬ್ಬಿಸುವ ಮೊದಲು ಸುಣ್ಣ ಬಳಿಯುವವರುಂಟೇ ಎಂದು ಕೇಳಿಯೂಬಿಟ್ಟೆ. ತಟ್ಟೆ ಹಿಡಿದಿದ್ದ ನರ್ಸ್ ಸಿಸ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಡಾಕ್ಟರು ಕೆಂಪಗಾದರೂ ಸೂಜಿಯನ್ನು ಕೆಳಗಿಟ್ಟರು. ರಕ್ತ ನಿಲ್ಲುವಷ್ಟು, ಗಾಯದ ಅಂಚು ಸೇರುವಷ್ಟು ಮಾತ್ರ ಹೊಲಿಗೆ ಹಾಕಿದರು. ಮೊದಲು ಮೂಳೆ, ಆಮೇಲೆ ಮುಖ ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ಅಚ್ಚು ತೆಗೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅರಗನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಎಡ ಬಲ ಬೇರೆಬೇರೆಯಾಗಿ ಒತ್ತಿ, ಎರಡು ಸಲಕ್ಕೆ ತೆಗೆದೆ. ಆ ಹೆಂಗಸು ಒಂದು ಸಲವೂ ಕೂಗಲಿಲ್ಲ. ಎರಡನೇ ಸಲ ಅರಗು ತೆಗೆಯುವಾಗ ನನ್ನ ಅಂಗಿಯ ತೋಳನ್ನು ಹಿಡಿದು ಹರಿದುಹಾಕಿದಳು, ಅಷ್ಟೆ.

ಅಂಗಡಿಗೆ ಬಂದು ಅಚ್ಚಿಗೆ ಪ್ಲಾಸ್ಟರು ಹೊಯ್ದೆ. ಕೆಳಗಿನ ಪ್ಲಾಸ್ಟರು ದವಡೆಯನ್ನು, ಮೂಳೆ ಎಲ್ಲಿ ಮುರಿದಿತ್ತೋ ಅಲ್ಲಿಯೇ, ಸಣ್ಣ ಗರಗಸದಿಂದ ಕೊಯ್ದೆ. ಆಮೇಲೆ ತುಂಡುಗಳನ್ನು ಮೇಲಿನ ದವಡೆಗೆ ಹೊಂದುವಂತೆ ಸರಿಸಿ ಮೇಣದಲ್ಲಿ ನಿಲ್ಲಿಸಬೇಕು. ಹಾಗೆ ನಿಂತ ದವಡೆಯ ಮೇಲೆ ಗಟ್ಟಿ ರಬ್ಬರಿನ ಪಟ್ಟಿ ಬೇಯಿಸಿ, ಅದನ್ನು ಹಲ್ಲಿನ ಮೇಲೆ ಟೋಪಿಯ ಹಾಗೆ ಕೂರಿಸಿದರೆ, ಒಳಗಿನ ಮೂಳೆ ಆ ಪಟ್ಟಿ ಹೇಳಿದ ಕಡೆ ನಿಲ್ಲುತ್ತದೆ. ಎಲ್ಲವೂ ಆ ಹೊಂದಿಸುವುದರಲ್ಲಿದೆ. ಅಲ್ಲಿ ಒಂದು ಭತ್ತದ ಕಾಳಿನಷ್ಟು ತಪ್ಪಿದರೂ ಬಾಯಲ್ಲಿ ಹಲ್ಲು ಹಲ್ಲಿಗೆ ಸೇರುವುದಿಲ್ಲ.

ನಾನು ಹೊಂದಿಸಿದೆ. ಚೆನ್ನಾಗಿ ಹೊಂದಿಸಿದೆನೆಂದು ಹೆಮ್ಮೆಯನ್ನೂ ಪಟ್ಟೆ. ಮೂಗಿನ ನೇರಕ್ಕೆ ನಡು, ಎಡಕ್ಕೂ ಬಲಕ್ಕೂ ಒಂದೇ ಬಾಗು. ಎಡಗಡೆಯ ಕೋರೆಹಲ್ಲಿನ ಹಿಂದೆ ಮೇಲೂ ಕೆಳಗೂ ಒಂದೊಂದು ಕಚ್ಚು ಕಂಡಿತು. ಏಟಿಗೆ ಹಲ್ಲಿನ ಅಂಚು ಹಾರಿದೆ ಎಂದುಕೊಂಡು ಆ ಕಚ್ಚುಗಳಿಗೆ ಮೇಣ ತುಂಬಿ ಸಮ ಮಾಡಿದೆ. ಹಲ್ಲೇ ಇಲ್ಲದ ಮುದುಕರಿಗೆ ಹೊಸ ಹಲ್ಲು ಕಟ್ಟುವುದು ನನ್ನ ದಿನದ ಕೆಲಸ. ಅವರ ಬಾಯಿ ಹಿಂದೆ ಹೇಗಿತ್ತೆಂದು ಯಾರೂ ಕೇಳುವುದಿಲ್ಲ, ನಾನು ನೇರ ಕಟ್ಟಿದರೆ ಅದೇ ಅವರ ಬಾಯಿ. ಇದ್ದ ಹಲ್ಲನ್ನು ಓದುವ ಅಭ್ಯಾಸವೇ ನನಗಿರಲಿಲ್ಲ.

ರಬ್ಬರು ಬರುವುದು ನಿಂತು ಬಹಳ ದಿನವಾಗಿತ್ತು. ರಬ್ಬರು ಬೆಳೆಯುವ ಮಲಯಾ ದೇಶ ಜಪಾನಿನ ಕೈಗೆ ಹೋದ ಮೇಲೆ ಬೆಂಗಳೂರಿನ ವ್ಯಾಪಾರಿಗಳೂ ಕೈಯೆತ್ತಿಬಿಟ್ಟಿದ್ದರು. ನನ್ನ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಹಾಳೆಗಳನ್ನು ಆ ಪಟ್ಟಿಗೆ ಹಾಕಿ ಬೇಯಿಸಿದೆ. ಗಂಧಕದ ನಾತಕ್ಕೆ ಪಕ್ಕದ ಅಂಗಡಿಯವನು ಬಾಗಿಲು ಹಾಕಿಕೊಂಡ. ಪಟ್ಟಿಯ ಎಡಗಡೆ ಹೊರಕ್ಕೆ ಉಬ್ಬಿದ ಒಂದು ಅಂಚನ್ನೂ ಬಿಟ್ಟಿದ್ದೆ, ಕೆನ್ನೆ ಒಳಕ್ಕೆ ಕುಸಿಯದಿರಲಿ ಎಂದು. ಮರುದಿನ ಡಾಕ್ಟರು ತುಂಡನ್ನು ಬೆರಳಿನಿಂದ ತಳ್ಳಿ ಹಿಡಿದರು, ನಾನು ಪಟ್ಟಿ ಕೂರಿಸಿ, ಮೇಲಿನ ಹಲ್ಲಿಗೂ ಕೆಳಗಿನ ಪಟ್ಟಿಗೂ ತಂತಿ ಬಿಗಿದೆ. ಬಾಯಿ ಮುಚ್ಚಿತು.

ಆಕೆಯ ತಂಗಿ ಗೆಜ್ಜಲಗೆರೆಯಿಂದ ಬಂದು ಜೊತೆಗಿದ್ದಳು. ಮುಂದಿನ ಮೂರು ಹಲ್ಲು ಹೋಗಿದ್ದ ಸಂದಿಯಲ್ಲಿ ರಾಗಿ ಗಂಜಿಯನ್ನು ಒಳಲೆಯಿಂದ ಹೊಯ್ಯಬೇಕಿತ್ತು, ಎಳೆಗೂಸಿಗೆ ಹಾಲು ಹೊಯ್ಯುವ ಹಾಗೆ. ಇಡೀ ಆಲೆಮನೆಯನ್ನು ಬಾಯಿಯಲ್ಲೇ ಆಳುತ್ತಿದ್ದ ಹೆಂಗಸಿಗೆ ಅದು ನೋವಿಗಿಂತ ದೊಡ್ಡ ಅವಮಾನ. ಗಂಜಿ ಹೊಯ್ಯುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಆರನೆಯ ದಿನ ಆಲೆಮನೆಯ ಯಜಮಾನ ಬಂದ. ಗೌಡ, ಬಿಳೀ ಪಂಚೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ನಾನು ತಂತಿ ಬಿಗಿಮಾಡಲು ಹೋಗಿದ್ದೆ. ಅವನು ಹಾಸಿಗೆಯ ಪಕ್ಕ ನಿಂತು ವಾರ್ಡಿಗೆಲ್ಲ ಕೇಳುವಂತೆ ಮಾತಾಡಿದ.

"ಏನ್ ಮಾಡನವ್ವಾ, ಅಣೇಬರ. ತೊಲೆ ಸುತ್ತೋವಾಗ ಎದ್ದು ನಿಂತ್ಕಂಡ್ರೆ ಇನ್ನೇನಾದದು? ಕೂತಿರೋ ಕಡೆ ಕೂತಿದ್ರೆ ಏನೂ ಆಯ್ತಿರ್ನಿಲ್ಲ."

ಆಕೆಯ ಕುತ್ತಿಗೆಯ ನರ ಉಬ್ಬಿತು. ಬಾಯಿಗೆ ತಂತಿ. ಗಂಟಲಿನಿಂದ ಒಂದು ಸದ್ದು ಬಂತು, ಮಾತು ಬರಲಿಲ್ಲ. ಅವನು ಹಣ್ಣು ಇಟ್ಟು, ಸಿಸ್ಟರಿಗೆ ಕೈಮುಗಿದು ಹೋದ.

ತಂಗಿ ನನಗೆ ಎಲ್ಲವನ್ನೂ ಹೇಳಿದಳು. "ಎದ್ ನಿಂತ್ಕಂಡಿರ್ನಿಲ್ಲ ಸಾಬ್ರೇ. ತೊಲೆ ಬುಡದಲ್ಲಿ ಸೀಳ್ ಬುಟ್ಟದೆ ಅಂತ ಅಕ್ಕ ಸ್ವಾಮಾರನೇ ಯೋಳಿದ್ಲು. ಈ ಕಬ್ಬು ಮುಗೀಲಿ, ಆಮೇಕೆ ನೋಡನ ಅಂದ ಗೌಡ. ಬುದುವಾರ ಬಿತ್ತು. ಈಗ ಅದೇ ತೊಲೆಗೆ ಅಗ್ಗ ಸುತ್ಕಂಡು ಗಾಣ ಆಡುಸ್ತಾವ್ನೆ. ಕಬ್ಬು ಕೊಡಾಕೆ ಇನ್ನೊಬ್ಳ ಕೂರಿಸವ್ನೆ."

"ನೀನೇ ಹೋಗಿ ಊರಿನ ದೊಡ್ಡೋರಿಗೆ ಹೇಳಬಾರದಾ?"

"ನನ್ ಮಾತು ಯಾರ್ ಕೇಳಾರು? ಗೌಡ ಎದ್ರೋದು ಅಕ್ಕನ್ ಬಾಯ್ಗೆ."

ಅಕ್ಕ ನಮ್ಮ ಮಾತು ಕೇಳುತ್ತಿದ್ದಳು. ತನ್ನ ಬಾಯಿಯ ತಂತಿಯನ್ನು ಬೆರಳಿನಿಂದ ಮುಟ್ಟಿ, ಎಷ್ಟು ದಿನ ಎಂದು ಕೈಯಲ್ಲಿ ಕೇಳಿದಳು. ಆರು ವಾರ ಅಂದೆ. ಆಕೆ ಬೆರಳು ಮಡಿಸಿ ಎಣಿಸಿಕೊಂಡಳು. ಆ ತೊಲೆ ಅಲ್ಲಿಯವರೆಗೆ ತಡೆಯುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದಳೆಂದು ನನಗೆ ಆಗಲೇ ಅರ್ಥವಾಯಿತು.

ಮೂರನೆಯ ವಾರ ಎಡಗೆನ್ನೆ ಊದಿತು. ಗಾಯದ ಕೆಳಗೆ ಕೀವು ಕಂಡಿತು. ಸಲ್ಫಾ ಮಾತ್ರೆ ಪುಡಿ ಮಾಡಿ ಗಂಜಿಯಲ್ಲಿ ಕೊಟ್ಟರೂ ಇಳಿಯಲಿಲ್ಲ. ಒತ್ತಿ ನೋಡಿದರೆ ಎಡಗಡೆಯ ತುಂಡು ಪಟ್ಟಿಯೊಳಗೇ ಅಲುಗಾಡುತ್ತಿತ್ತು. ಮೂರು ವಾರದ ಮೇಲೆ ಅದು ಅಂಟತೊಡಗಬೇಕಿತ್ತು. ಡಾಕ್ಟರು ಬೆರಳು ಹೊರಗೆ ತೆಗೆದು ಕೈ ಒರೆಸಿಕೊಂಡರು.

"ಈ ತುಂಡು ಸತ್ತ ಹಾಗೆಯೇ. ಹಲ್ಲಿನ ಸಮೇತ ತೆಗೆದುಬಿಡ್ತೀನಿ. ಕೀವು ಕುತ್ತಿಗೆಗೆ ಇಳಿದರೆ ಜೀವಕ್ಕೇ ಬರುತ್ತೆ."

"ತೆಗೆದರೆ ದವಡೆ ಅರ್ಧ ಹೋಗುತ್ತೆ ಸಾರ್. ಗಲ್ಲ ಒಂದು ಕಡೆಗೆ ವಾಲುತ್ತೆ. ಜೊಲ್ಲು ಸೋರುತ್ತೆ. ಮಾತು ಯಾರಿಗೂ ತಿಳಿಯಲ್ಲ."

"ಬದುಕಿರ್ತಾಳಲ್ರೀ!"

ಆಕೆ ತಂಗಿಯ ಕೈಯಿಂದ ಒಳಲೆಯನ್ನು ಕಿತ್ತುಕೊಂಡು ಗೋಡೆಗೆ ಬೀಸಿ ಒಗೆದಳು. ಗಂಜಿ ಡಾಕ್ಟರ ಕೋಟಿನ ಮೇಲೆ ಹಾರಿತು. ಮುಚ್ಚಿದ ಹಲ್ಲಿನ ನಡುವಿನಿಂದ ಅಂದಳು: "ಮೂಳೆ ಮುಟ್ ಬ್ಯಾಡಿ." ತಂತಿ ಹಾಕಿದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಡಾಕ್ಟರು ನನ್ನ ಕಡೆ ತಿರುಗಿ, "ಎರಡು ದಿನ. ಅಷ್ಟರಲ್ಲಿ ನಿಮ್ಮ ಹತ್ತಿರ ಬೇರೆ ದಾರಿಯಿದ್ದರೆ ಹೇಳಿ" ಎಂದು ಹೋದರು.

ನನ್ನ ಹತ್ತಿರ ದಾರಿಯಿರಲಿಲ್ಲ. ಸಿಟ್ಟಿತ್ತು, ಅಷ್ಟೆ. ತಂತಿ ಸರಿಯಾಗಿತ್ತು, ಪಟ್ಟಿ ಸರಿಯಾಗಿತ್ತು, ಇನ್ನೂ ಯಾಕೆ ಅಲುಗಾಡುತ್ತದೆಂದು ವರಾಂಡದಲ್ಲಿ ಕೂತು ನನ್ನೊಳಗೇ ಜಗಳವಾಡುತ್ತಿದ್ದೆ. ಮೆಟ್ಟಿಲ ಮೇಲೆ ತಂಗಿ ಊರಿಂದ ಯಾರೋ ತಂದ ಕಬ್ಬು ತಿನ್ನುತ್ತಿದ್ದಳು. ಕೆಳದವಡೆಯನ್ನು ಒಂದಿಷ್ಟು ಎಡಕ್ಕೆ ಜಾರಿಸಿ, ಎಡಗಡೆಯ ಕೋರೆಹಲ್ಲಿನ ಹಿಂದೆ ಸಿಪ್ಪೆಯ ಅಂಚನ್ನು ಕಚ್ಚಿ ಹಿಡಿದು, ಜಲ್ಲೆಯನ್ನು ಕೆಳಕ್ಕೆ ಎಳೆದಳು. ಸಿಪ್ಪೆ ಉದ್ದಕ್ಕೂ ಸರ್ರನೆ ಸುಲಿದು ಬಂತು. ಈ ಸೀಮೆಯಲ್ಲಿ ಹುಟ್ಟಿದವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಾನು ಪೇಟೆಯವನು, ಚಾಕುವಿನಲ್ಲಿ ತುಂಡು ಮಾಡಿ ತಿನ್ನುವವನು. ಅವತ್ತು ನೋಡಿದೆ.

"ಏನಮ್ಮ, ನಿಮ್ಮಕ್ಕನೂ ಆ ಕಡೆ ಹಲ್ಲಲ್ಲೇ ಸುಲೀತಾಳಾ?"

"ಊಂ ಕಣ್ ಸಾಬ್ರೇ. ನಮ್ಮವ್ವನೂ ಅಂಗೇಯ. ನಮ್ ಮನೇರ್ ದವ್ಡೆನೇ ವಸಿ ಸೊಟ್ಟ. ಅಕ್ಕ ಗಾಣದ್ ತಾವ ಕೂತ್ಕಂಡು ದಿನಾ ಸುಲಿದೂ ಸುಲಿದೂ ಅಲ್ನಲ್ಲಿ ಅಳ್ಳನೇ ಬಿದ್ದೋಗದೆ."

"ಅದನ್ನ ಮೊದಲೇ ಯಾಕಮ್ಮ ಹೇಳಲಿಲ್ಲ?"

"ನೀವ್ ಎಲ್ ಕೇಳುದ್ರಿ?"

ಅವಳ ಕೈಯಿಂದ ಒಂದು ಸಿಪ್ಪೆ ಇಸಿದುಕೊಂಡು ಅಂಗಡಿಗೆ ಬಂದೆ. ಪ್ಲಾಸ್ಟರು ದವಡೆಗಳು ಹಲಗೆಯ ಮೇಲಿದ್ದವು. ನಾನು ತುಂಬಿದ್ದ ಮೇಣವನ್ನು ಚಾಕುವಿನ ತುದಿಯಿಂದ ಕೆರೆದು ತೆಗೆದೆ. ಆ ಕಚ್ಚುಗಳು ಏಟಿಗೆ ಹಾರಿದ ಅಂಚಾಗಿದ್ದರೆ ಚೂಪಾಗಿರಬೇಕಿತ್ತು. ಇವು ನುಣುಪಾಗಿದ್ದವು, ವರ್ಷಗಟ್ಟಲೆ ಸವೆದ ನುಣುಪು. ಸಿಪ್ಪೆಯನ್ನು ಮೇಲಿನ ಕಚ್ಚಿಗೆ ಇಟ್ಟು ಕೆಳಗಿನ ತುಂಡನ್ನು ಅದರತ್ತ ತಂದೆ. ನಾನು ನಿಲ್ಲಿಸಿದ್ದ ಜಾಗದಲ್ಲಿ ಎರಡು ಕಚ್ಚೂ ಒಂದಕ್ಕೊಂದು ಸೇರಲೇ ಇಲ್ಲ. ಮೇಣ ಬಿಸಿ ಮಾಡಿ ತುಂಡನ್ನು ಹೊರಕ್ಕೆ, ಎಡಕ್ಕೆ, ಒಂದು ಭತ್ತದ ಕಾಳಿನಷ್ಟು ಸರಿಸಿದೆ. ಎರಡೂ ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದುಕೊಂಡವು. ಹಿಂದಿನ ಹಲ್ಲುಗಳ ಸವೆದ ಮುಖಗಳೆಲ್ಲ ಒಂದಕ್ಕೊಂದು ತಾವಾಗಿಯೇ ಕೂತವು.

ಆಕೆಯ ದವಡೆ ಹುಟ್ಟಿನಿಂದಲೇ ಓರೆ. ನಾನು ಅದನ್ನು ಬಲವಂತವಾಗಿ ನೇರ ಮಾಡಿದ್ದೆ. ಮೂರು ವಾರ ಆಕೆಯ ದವಡೆಯ ಸ್ನಾಯುಗಳು ಆ ತುಂಡನ್ನು ಅದರ ಜಾಗಕ್ಕೆ ಎಳೆಯುತ್ತಿದ್ದವು, ನನ್ನ ಪಟ್ಟಿ ಇನ್ನೊಂದು ಕಡೆಗೆ ಎಳೆಯುತ್ತಿತ್ತು. ಮೂಳೆ ಅಂಟುವುದಾದರೂ ಎಲ್ಲಿಂದ? ಸ್ಟೂಲಿನ ಮೇಲೆ ಕೂತುಬಿಟ್ಟೆ.  ಹೇಳದೆ ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೀವಿನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು, ಡಾಕ್ಟರೂ ಅದನ್ನೇ ನಂಬಿದ್ದರು.

ಪ್ಲಾಸ್ಟರು ದವಡೆಗಳನ್ನು ವಸ್ತ್ರದಲ್ಲಿ ಸುತ್ತಿಕೊಂಡು ನೇರವಾಗಿ ಡಾಕ್ಟರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಮೇಜಿಗೆ ಗುದ್ದಿದರು.

"ಮೂರು ವಾರ! ಮೂರು ವಾರ ಅವಳನ್ನ ತಪ್ಪು ಜಾಗದಲ್ಲಿ ಕಟ್ಟಿಹಾಕಿದ್ರಿ!"

"ಹೌದು ಸಾರ್. ತಪ್ಪು ನನ್ನದು. ನನ್ನ ತಪ್ಪಿಗೆ ಅವಳ ಮೂಳೆ ತೆಗೀಬೇಡಿ. ನನ್ನನ್ನ ಏನು ಬೇಕಾದರೂ ಅನ್ನಿ, ಆಮೇಲೆ ಅನ್ನಿ. ಈಗ ಕೀವು ತೆಗೆದು, ತುಂಡನ್ನ ಅದರ ಜಾಗಕ್ಕೆ ಬಿಡಿ."

ಅವರು ಪ್ಲಾಸ್ಟರು ದವಡೆಗಳನ್ನು ಎತ್ತಿಕೊಂಡರು. ಸಿಪ್ಪೆಯನ್ನು ಕಚ್ಚಿಸಿದರು, ಬಿಡಿಸಿದರು, ಮತ್ತೆ ಕಚ್ಚಿಸಿದರು.  ಕೊನೆಗೆ, "ಮಿಲಿಟರಿ ಆಸ್ಪತ್ರೆಯಲ್ಲಿ ಮುಖದ ಕೇಸು ಬಂದರೆ ಹಲ್ಲಿನವರು ಹೇಳೋವರೆಗೆ ನಾವು ಚಾಕು ಮುಟ್ತಿರಲಿಲ್ಲ. ಇಲ್ಲಿಗೆ ಬಂದು ನಿಮಗೆ ಡಿಗ್ರಿ ಕೇಳಿದೆ. ಬಾಯಿ ಹೇಗಿತ್ತು ಅಂತ ಅವಳನ್ನ ನಾನೂ ಕೇಳಲಿಲ್ಲ" ಅಂದರು. ಆಮೇಲೆ ತಮ್ಮ ಎಂದಿನ ದನಿಯಲ್ಲಿ, "ನಾಳಿದ್ದು ಬೆಳಿಗ್ಗೆ. ಪಟ್ಟಿ ಸಿದ್ಧವಾಗಿರಬೇಕು" ಅಂದರು.

ರಬ್ಬರು ಎಲ್ಲಿತ್ತು? ಮೈಸೂರಿಗೆ ಹೇಳಿಕಳಿಸಿದರೆ ಇಲ್ಲವೆಂದು ಉತ್ತರ ಬಂತು. ನನ್ನ ತಂದೆ, ನಮ್ಮ ಅಬ್ಬಾ, ಪಾತ್ರೆಗೆ ಕಲಾಯಿ ಹಾಕಿ, ತೂತಾದ ಹಂಡೆಗೆ ತಗಡು ಬಡಿಯುತ್ತಿದ್ದವರು. ಆಕೆಯ ಬಾಯಿಯ ತಂತಿ ಬಿಚ್ಚಿ ತೆಗೆದು ತಂದ ಹಳೆಯ ಪಟ್ಟಿಯನ್ನು ಹಿಡಿದುಕೊಂಡು ಅವರ ಮುಂದೆ ಕೂತೆ. "ಎರಡು ತುಂಡು ಮಾಡು, ಸರಿಸು, ಮೇಲೆ ತಗಡಿಟ್ಟು ರಿವೆಟ್ ಹೊಡಿ. ಹಂಡೆಗೆ ಮಾಡಲ್ವಾ ಹಾಗೆ" ಅಂದರು ಅಬ್ಬಾ, ತಲೆಯನ್ನೂ ಎತ್ತದೆ. ಪಟ್ಟಿಯನ್ನು ಮುರಿತದ ಜಾಗದಲ್ಲಿ ಕೊಯ್ದೆ. ಎರಡು ಅರ್ಧಗಳನ್ನೂ ಹೊಸದಾಗಿ ಹೊಂದಿಸಿದ ಪ್ಲಾಸ್ಟರಿನ ಮೇಲೆ ಕೂರಿಸಿದಾಗ ನಡುವೆ ಭತ್ತದ ಕಾಳಿನಷ್ಟು ಸಂದಿ ಬಿತ್ತು. ಅದರ ಮೇಲೆ ಜರ್ಮನ್ ಸಿಲ್ವರಿನ ಸಣ್ಣ ತಗಡು. ತೂತು ನಾನು ಕೊರೆದೆ. ರಿವೆಟ್ ಅಬ್ಬಾ ಹೊಡೆದರು. ಆದರೆ ಎರಡು ರಿವೆಟ್ ಮಾತ್ರ ಹೊಡೆಸಿ, ಇನ್ನೊಂದು ತುದಿಗೆ ಉದ್ದ ತೂತು ಬಿಟ್ಟು ಸಣ್ಣ ಸ್ಕ್ರೂ ಹಾಕಿದೆ. ಕೊನೆಯ ಜಾಗವನ್ನು ಈ ಸಲ ಪ್ಲಾಸ್ಟರು ಹೇಳಬಾರದು, ಅವಳೇ ಹೇಳಬೇಕು ಎಂದು ತೀರ್ಮಾನಿಸಿದ್ದೆ.

ಅದಕ್ಕೇ ಆಪರೇಷನ್ ದಿನ ಇನ್ನೊಂದು ಜಗಳ. ಡಾಕ್ಟರು ಕ್ಲೋರೋಫಾರಂ ಸಿದ್ಧ ಮಾಡಿಸಿದ್ದರು.

"ಮಲಗಿಸಬೇಡಿ ಸಾರ್. ಮಲಗಿದ ದವಡೆ ಸುಳ್ಳು ಹೇಳುತ್ತೆ. ಸೂಜಿಮದ್ದು ಕೊಟ್ಟು ಮರಗಟ್ಟಿಸಿ, ಎಚ್ಚರವಾಗಿರಲಿ. ಅವಳೇ ಕಚ್ಚಲಿ."

"ಏನನ್ನ ಕಚ್ಚೋದು?"

ಚೀಲದಿಂದ ಬೆರಳುದ್ದದ ಕಬ್ಬಿನ ಸಿಪ್ಪೆಗಳನ್ನು ತೆಗೆದೆ. ಸಿಸ್ಟರ್, "ಆಪರೇಷನ್ ಕೋಣೆಗೆ ಕಬ್ಬಾ!" ಎಂದು ಹೌಹಾರಿದರು. ಅರ್ಧ ಗಂಟೆ ಕುದಿಸಿ ತಂದಿದ್ದೇನೆ, ಬೇಕಾದರೆ ಇನ್ನೊಂದು ಸಲ ಕುದಿಸಿ ಅಂದೆ. ಡಾಕ್ಟರು ಆ ಹೆಂಗಸನ್ನೇ ಕೇಳಿದರು. "ನೋಡಮ್ಮ, ಎಚ್ಚರವಾಗಿದ್ರೆ ಸ್ವಲ್ಪ ನೋವಿರುತ್ತೆ. ತಡ್ಕೋತೀಯಾ?" ಆಕೆ ಸಿಪ್ಪೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯಾಡಿಸಿ, ಬೇಗ ಶುರು ಮಾಡಿ ಎಂಬಂತೆ ಸನ್ನೆ ಮಾಡಿದಳು.

ಡಾಕ್ಟರು ಗಲ್ಲದ ಕೆಳಗಿನಿಂದ ಕೊಯ್ದು ಕೀವು ಹರಿಸಿದರು. ಸತ್ತ ಮೂಳೆಯ ಚೂರು ಸಿಕ್ಕಿತು, ಕಡಲೆಕಾಳಿನಷ್ಟು. ಅದನ್ನು ಮಾತ್ರ ತೆಗೆದರು. ಉಳಿದ ತುಂಡಿನ ಅಂಚಿನಿಂದ ಕೆಂಪು ರಕ್ತ ಒಸರಿತು. "ಬದುಕಿದೆ" ಅಂದರು, ಯಾರಿಗೂ ಅಲ್ಲದೆ ತಮಗೇ ಹೇಳಿಕೊಂಡ ಹಾಗೆ. ನಾನು ಪಟ್ಟಿಯ ಎರಡು ಅರ್ಧಗಳನ್ನೂ ಹಲ್ಲಿನ ಮೇಲೆ ಕೂರಿಸಿ ಸ್ಕ್ರೂ ಸಡಿಲ ಬಿಟ್ಟೆ. ಕಚ್ಚುಗಳ ಜಾಗದಲ್ಲಿ ಪಟ್ಟಿಯನ್ನು ಮೊದಲೇ ಕತ್ತರಿಸಿದ್ದೆ. ಸಿಪ್ಪೆಯನ್ನು ಅಲ್ಲಿಗೆ ಇಟ್ಟೆ.

"ಕಬ್ಬು ಸುಲೀತೀಯಲ್ಲಮ್ಮ, ಹಾಗೆ ಕಚ್ಚು. ಮೆಲ್ಲಗೆ. ಎಳೀಬೇಡ, ಹಿಡ್ಕೋ, ಸಾಕು."

ಆಕೆಯ ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು. ದವಡೆ ಮೆಲ್ಲನೆ ಎಡಕ್ಕೆ ಜಾರಿತು. ನನ್ನ ಬೆರಳಿನ ಕೆಳಗೆ ಆ ತುಂಡು ತಾನಾಗಿಯೇ ಹೊರಳಿ ಕೂತದ್ದು ನನಗೆ ತಿಳಿಯಿತು. ಪ್ಲಾಸ್ಟರಿನಲ್ಲಿ ನಾನು ಹೊಂದಿಸಿದ್ದಕ್ಕಿಂತ ಅದು ಇನ್ನೂ ಒಂದು ಕೂದಲೆಳೆ ಹೊರಗೆ ನಿಂತಿತ್ತು. ಸ್ಕ್ರೂ ಬಿಗಿದೆ. ಡಾಕ್ಟರು ಹೊರಗಿನಿಂದ ಬೆರಳಿಟ್ಟು ಮೂಳೆಯ ಅಂಚನ್ನು ಸವರಿ ನೋಡಿ, "ಕೂತಿದೆ ಕಣ್ರೀ, ಕೂತಿದೆ!" ಎಂದರು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಬೈಗುಳದ ಹೊರತು ನಾನು ಕೇಳಿರಲಿಲ್ಲ. ತಂತಿ ಬಿಗಿದು ಬಾಯಿ ಮುಚ್ಚಿದೆವು.

ಹತ್ತು ದಿನಕ್ಕೆ ಕೀವು ನಿಂತಿತು. ಐದನೆಯ ವಾರ ಡಾಕ್ಟರು ಕೆನ್ನೆಯ ಹಳೆಯ ಗಾಯವನ್ನು ಮತ್ತೆ ಬಿಡಿಸಿದರು. ಈಗ ಒಳಗೆ ಗೋಡೆ ಇತ್ತು. ಚರ್ಮವನ್ನು ನನ್ನ ಪಟ್ಟಿಯ ಉಬ್ಬಿದ ಅಂಚಿನ ಮೇಲೆ ಹಾಸಿ ನೋಡುವುದು, "ಇಲ್ಲಿ ಜಾಸ್ತಿ, ಅರ ಹಾಕಿ" ಅನ್ನುವುದು, ಬಾಯಲ್ಲಿದ್ದ ಹಾಗೆಯೇ ನಾನು ಉಬ್ಬನ್ನು ಅರದಿಂದ ಉಜ್ಜಿ ಒರೆಸಿ ಅವರಿಗೆ ಜಾಗ ಬಿಡುವುದು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲಕ್ಕೆ ತುಟಿಯ ಮೂಲೆ ಬಲಗಡೆಯ ಮೂಲೆಗೆ ಸಮನಾಗಿ ನಿಂತಿತು. ಬಾಗಿಲ ಹೊರಗೆ ನಿಲ್ಲಿ ಎಂದು ಆಮೇಲೆ ಯಾವತ್ತೂ ಅವರು ಹೇಳಲಿಲ್ಲ.

ಒಟ್ಟು ಎರಡು ತಿಂಗಳ ಮೇಲೆ ತಂತಿ ಬಿಚ್ಚಿದೆವು. ಮೊದಲ ದಿನ ಬಾಯಿ ಒಂದು ಬೆರಳಿನಷ್ಟು ತೆರೆಯಿತು. ದಿನವೂ ಮರದ ಚಕ್ಕೆ ಇಟ್ಟು ಹಿಗ್ಗಿಸುತ್ತ ಬಂದೆವು. ಎರಡು ವಾರಕ್ಕೆ ಮುದ್ದೆ ನುಂಗುವಷ್ಟಾಯಿತು. ಗಟ್ಟಿ ಪದಾರ್ಥ ಮೂರು ತಿಂಗಳು ಮುಟ್ಟಕೂಡದೆಂದು ನಾನು ಅಕ್ಕತಂಗಿಯರಿಬ್ಬರಿಗೂ ಸಾರಿ ಸಾರಿ ಹೇಳಿದೆ.

ಊರಿಗೆ ಹೊರಟ ದಿನ ಆಕೆ ನಮ್ಮಿಬ್ಬರನ್ನೂ ಕರೆದಳು. ಡಾಕ್ಟರು ಬರಲಾರರು ಅಂದುಕೊಂಡಿದ್ದೆ. ಅವರು ಟೋಪಿ ಹಾಕಿಕೊಂಡು ನನಗಿಂತ ಮೊದಲೇ ಜಟಕಾ ಹತ್ತಿ ಕೂತಿದ್ದರು. ಗಾಡಿ ಮನೆಯ ಕಡೆ ತಿರುಗಲಿಲ್ಲ. ಆಕೆ ನೇರವಾಗಿ ಆಲೆಮನೆಗೆ ಹೊಡೆಸಿದಳು.

ಗಾಣ ಸುತ್ತುತ್ತಿತ್ತು. ತೊಲೆಯ ಬುಡಕ್ಕೆ ಹಗ್ಗ ಸುತ್ತಿತ್ತು, ಹಗ್ಗ ಅರ್ಧ ಜಗ್ಗಿಹೋಗಿತ್ತು. ಅದರ ಕೆಳಗೆ ಇಪ್ಪತ್ತರ ಒಬ್ಬಳು ಬಸುರಿ ಹೆಂಗಸು ಕೂತು ಕಬ್ಬು ಕೊಡುತ್ತಿದ್ದಳು. ಕೊಪ್ಪರಿಗೆಯ ಹತ್ತಿರ ಊರಿನ ನಾಲ್ಕಾರು ಜನ ಬಿಸಿಬೆಲ್ಲ ತಿನ್ನುತ್ತ ನಿಂತಿದ್ದರು. ಗೌಡ ನಮ್ಮನ್ನು ನೋಡಿ ನಗುತ್ತ ಬಂದ.

"ಬಾರವ್ವ ಬಾ. ಚೆಂದಾಗ್ ಆಗ್ಬುಟ್ಟೆ. ಮಾತಾಡ್ಬ್ಯಾಡ, ಬಾಯ್ ನೋಯಿಸ್ಕಬ್ಯಾಡ. ಇನ್ನೂ ಮಾತು ಸರ್ಯಾಗಿ ಬರಾಕಿಲ್ವಂತೆ. ಏನಾರ ಇದ್ರೆ ಮುಂದಿನ್ ಸುಗ್ಗಿ ಒತ್ಗೆ ನೋಡನ."

 ಆಕೆ ರಾಶಿಯಿಂದ ಒಂದು ಜಲ್ಲೆ ಎಳೆದು, ಮಂಡಿಗೆ ಕೊಟ್ಟು ಮುರಿದು, ಬಾಯಿಯ ಹತ್ತಿರ ತಂದಳು.

"ಬ್ಯಾಡ ಕಣಮ್ಮ!" ನಾನು ಕೂಗಿದೆ.  ಡಾಕ್ಟರು ನನ್ನ ರಟ್ಟೆಯನ್ನು ಹಿಡಿದುಕೊಂಡರು. ನನ್ನನ್ನು ತಡೆಯಲೋ ತಮಗೆ ಆಸರೆಗೋ, ಗೊತ್ತಿಲ್ಲ.

ದವಡೆ ಎಡಕ್ಕೆ ಜಾರಿತು. ಕೋರೆಹಲ್ಲಿನ ಹಿಂದೆ ಸಿಪ್ಪೆ ಕಚ್ಚಿಕೊಂಡಿತು. ಸರ್ರನೆ, ಒಂದೇ ಎಳೆತಕ್ಕೆ, ಮೊಳದುದ್ದದ ಸಿಪ್ಪೆ ಸುಲಿದು ಬಂತು. ಆಕೆ ಅದನ್ನು ಗೌಡನ ಕಾಲ ಹತ್ತಿರ ಉಗಿದಳು.

"ಸ್ವಾಮಾರ ಯೋಳ್ದೆ ನಿಮ್ಗೆ, ತೊಲೆ ಸೀಳ್ ಬುಟ್ಟದೆ ಅಂತ. ಕಬ್ಬು ಮುಗೀಲಿ ಅಂದ್ರಿ. ನಾನು ಎದ್ದೂ ನಿಂತಿರ್ನಿಲ್ಲ, ಏನೂ ಇಲ್ಲ. ಕೂತಿದ್ದೋಳ್ ಮಕಕ್ಕೆ ಬಿತ್ತು. ಎಲ್ರೂ ಕೇಳ್ಸ್ಕಳಿ. ಇವತ್ತೂ ಯೋಳ್ತಾವ್ನಿ, ಆ ಅಗ್ಗ ನಿಲ್ಲಾಕಿಲ್ಲ. ಇಳ್ಸಿ ಅದ. ಲೇ ಮಗಾ, ನೀ ಏಳು ಅಲ್ಲಿಂದ!"

ಎರಡು ತಿಂಗಳು ಮುಚ್ಚಿದ್ದ ಬಾಯಿ. ಒಂದು ಅಕ್ಷರವೂ ತೊದಲಲಿಲ್ಲ. ಗೌಡ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಾಣದ ಬುಡದಲ್ಲಿ ಕೂತಿದ್ದ ಬಸುರಿ ಕೈಯಲ್ಲಿದ್ದ ಕಬ್ಬನ್ನು ಕೆಳಗೆ ಹಾಕಿ, ನೆಲಕ್ಕೆ ಕೈಯೂರಿ ಎದ್ದು, ತಲೆ ತಗ್ಗಿಸಿ ತೊಲೆಯ ಸುತ್ತಿನಿಂದ ಆಚೆಗೆ ಬಂದಳು. ಬೆಲ್ಲ ತಿನ್ನುತ್ತಿದ್ದವರಲ್ಲೊಬ್ಬ ಮುದುಕ ಹೋಗಿ ಎತ್ತುಗಳ ಮೂಗುದಾರ ಹಿಡಿದ. ಗಾಣ ನಿಂತಿತು. ಸಂಜೆಯೊಳಗೆ ಆ ತೊಲೆಯನ್ನು ಇಳಿಸಿ, ಕೊಪ್ಪರಿಗೆಯ ಒಲೆಗೆ ಸೀಳಿ ಹಾಕಿದರು.

ಗಾಣ ನಿಂತ ಹೊತ್ತಿನಲ್ಲಿ ನನಗೆ ಅದ್ಯಾವುದೂ ಕಾಣುತ್ತಿರಲಿಲ್ಲ. ನಾನು ಓಡಿಹೋಗಿ ಆಕೆಯ ಗಲ್ಲ ಹಿಡಿದಿದ್ದೆ. "ನೋವಿದೆಯಾ? ಅಲುಗಾಡ್ತಾ? ಎಲ್ಲಿ, ಬಾಯಿ ಮುಚ್ಚಿ ಹಲ್ಲು ಕಚ್ಚಿ ತೋರಿಸಮ್ಮ, ಸರಿಯಾಗಿ ಕೂರುತ್ತಾ ನೋಡ್ತೀನಿ" ಅಂದೆ.

ಆಕೆ ನನ್ನ ಕೈಯನ್ನು ಗಲ್ಲದಿಂದ ತೆಗೆದಳು.

"ಮುಚ್ಚಾದಾ? ಎರಡು ತಿಂಗ್ಳು ಮುಚ್ಚಿದ್ದೀನಿ. ಸಾಕು ಓಗಿ ಸಾಬ್ರೇ."